ಅಪ್ಪನ ಕೆಂಪು ಎಂಟುನೂರು ಮತ್ತೆ ಎಡಗಡೆ ಬಾಗಿಲಿನ ಗುಟ್ಟು

ಮೊದ್ಲೇ ಹೇಳ್ಬಿಡ್ತೀನಿ, ನಾನು ಕಾರ್ ಡೀಟೇಲಿಂಗ್, ಅಂದ್ರೆ ಗಾಡಿ ತೊಳ್ದು ಪಾಲಿಶ್ ಮಾಡಿ ಹೊಳಪು ಬರಿಸೋ ಕೆಲಸ, ಕಲ್ತೋನಲ್ಲ, ಅಂಗಡೀನೂ ಇಟ್ಟಿಲ್ಲ. ಮನೇಲಿ ಅಪ್ಪನ ಹಳೇ ಕಾರು ಒಂದಿದೆ, ಅದನ್ನ ನಾನೇ ತೊಳ್ದು, ಉಜ್ಜಿ, ವ್ಯಾಕ್ಸ್ ಹಾಕಿ ಮತ್ತೆ ಕೆಂಪಗೆ ಮಾಡೋಣ ಅಂತ ಕೂತೆ. ಎಲ್ಲಾ ಕಡೆ ನಾನು ಅಂದ್ಕೊಂಡಿದ್ದಕ್ಕಿಂತ ಚೆನ್ನಾಗೇ ಬಂತು, ಒಂದು ಬಾಗಿಲು ಮಾತ್ರ ಕೆಟ್ಟೋಯ್ತು. ಯಾಕೆ ಕೆಟ್ಟಿತು ಅನ್ನೋದು ತಿಳ್ಕೊಳ್ಳೋಕೆ ಎರಡು ವಾರ ಬೇಕಾಯ್ತು, ಉತ್ತರ ಸಿಕ್ಕಿದ್ದು ಮೊಬೈಲಲ್ಲೂ ಅಲ್ಲ ಗ್ಯಾರೇಜಲ್ಲೂ ಅಲ್ಲ, ಅಪ್ಪನ ಬಾಯಲ್ಲಿ. ಅದಕ್ಕೇ ಇಡೀ ಕೇಸನ್ನ ಬಿಡಿಸಿ ಬರೀತಿದೀನಿ.

ಗಾಡಿ 1998ರ ಮಾರುತಿ 800, ಕೆಂಪು ಬಣ್ಣ, ನಂಬರ್ ಕೆಎ 13, ಅಂದ್ರೆ ಹಾಸನದ್ದು. ಅಪ್ಪ ರಿಟೈರ್ ಆಗಿ ಬೆಂಗಳೂರಿಗೆ ನಮ್ಮ ಜೊತೆ ಇರೋಕೆ ಬಂದಾಗ ತುಳಸಿ ಕಟ್ಟೆ ಒಂದು ಬಿಟ್ಟು ಮಿಕ್ಕಿದ್ದೆಲ್ಲ ಬಂತು, ಕಾರೂ ಬಂತು. ಇಲ್ಲಿ ಶೆಡ್ ಇಲ್ಲ, ರೋಡಲ್ಲೇ ನಿಲ್ಸೋದು, ಅದೂ ಗಸಗಸೆ ಹಣ್ಣಿನ ಮರದ ಕೆಳಗೆ. ಈ ಮರದ ಕೆಳಗೆ ಗಾಡಿ ನಿಲ್ಸಿದೋರಿಗೆ ಬೇರೆ ಏನೂ ಹೇಳ್ಬೇಕಾಗಿಲ್ಲ. ಹಗಲು ಹಕ್ಕಿ, ರಾತ್ರಿ ಬಾವಲಿ, ಬೆಳಗ್ಗೆ ನೋಡಿದ್ರೆ ರೂಫ್ ಮೇಲೆಲ್ಲ ಸಣ್ಣ ಸಣ್ಣ ಬೀಜ ತುಂಬಿದ ಕಂದು ಹಿಕ್ಕೆ, ಬಿಸಿಲು ಏರೋ ಹೊತ್ತಿಗೆ ಅದು ಪೇಂಟಿಗೇ ಅಂಟ್ಕೊಂಡು ಕೂತಿರುತ್ತೆ.

ಬಾನೆಟ್ಟು ಮತ್ತೆ ರೂಫು ಕೆಂಪು ಅನ್ನೋ ಹಂಗೇ ಇರ್ಲಿಲ್ಲ, ಗುಲಾಬಿ ಪೆಪ್ಪರ್‌ಮೆಂಟ್ ಬಣ್ಣಕ್ಕೆ ತಿರುಗಿತ್ತು, ಕೈ ಆಡಿಸಿದ್ರೆ ಅಂಗೈಗೆ ಕೆಂಪು ಪುಡಿ. ಬಾಗಿಲುಗಳು ಪರ್ವಾಗಿಲ್ಲ, ಮಂಕಾಗಿದ್ವು ಅಷ್ಟೇ. ಅದು ಸಹಜ ಕೂಡ, ಬಿಸಿಲು ನೇರ ಬೀಳೋದು ಮೇಲ್ಮುಖ ಇರೋ ಜಾಗಕ್ಕೆ. ಪೇಂಟಲ್ಲಿ ಬಣ್ಣದ ಕಣಗಳನ್ನ ಹಿಡ್ಕೊಂಡಿರೋ ರಾಳ ಒಂದಿರುತ್ತೆ, ಬಿಸಿಲಿನ ನೇರಳಾತೀತ ಕಿರಣ ಅದನ್ನ ವರ್ಷಾನುಗಟ್ಟಲೆ ತಿಂದು ಸಡಿಲ ಮಾಡುತ್ತೆ, ಆಗ ಕಣಗಳು ಬಿಟ್ಕೊಂಡು ಪುಡಿ ಆಗ್ತವೆ, ಕೆಂಪು ಬಣ್ಣಕ್ಕಂತೂ ಈ ಕಾಟ ಜಾಸ್ತಿ. ಪೇಂಟರ್ ಒಬ್ರನ್ನ ಕೇಳಿದೆ, ಫುಲ್ ಬಾಡಿ ಹೊಡೆಯೋಕೆ 35 ಸಾವಿರ ಅಂದ್ರು. ಕಾರನ್ನೇ ಮಾರಿದ್ರೂ ಅಷ್ಟು ಬರುತ್ತೋ ಇಲ್ವೋ. ಅಪ್ಪನ್ನ ಕೇಳಿದ್ರೆ, "ಯಾಕೋ ಹೊಡಿಸ್ತೀಯ, ಕಂಪನಿ ಪೇಂಟು, ಒಂದು ಗೀರು ಬಿದ್ದಿಲ್ಲ ಇವತ್ತಿನವರ್ಗೂ" ಅಂದ್ರು. ಈ ಮಾತು ನೆನಪಿಟ್ಕೊಳಿ, ಮುಂದೆ ಬೇಕಾಗುತ್ತೆ.

ಇದು 2024ರ ಯುಗಾದಿ ಹತ್ತಿರದ ಮಾತು. ಆಗ ಬೆಂಗಳೂರಲ್ಲಿ ನೀರಿನ ಪರಿಸ್ಥಿತಿ ಹೆಂಗಿತ್ತು ಅಂತ ಇಲ್ಲಿದ್ದೋರಿಗೆ ಗೊತ್ತು, ಬೋರ್‌ವೆಲ್ ಒಣಗಿ ಟ್ಯಾಂಕರ್‌ಗೆ ಕ್ಯೂ. ಕುಡಿಯೋ ನೀರಲ್ಲಿ ಗಾಡಿ ತೊಳೆದ್ರೆ 5000 ರೂಪಾಯಿ ದಂಡ ಅಂತ ಜಲಮಂಡಳಿ ಮಾರ್ಚ್‌ನಲ್ಲೇ ಆರ್ಡರ್ ಮಾಡಿತ್ತು. ಹಾಗಾಗಿ ಪೈಪ್ ಹಿಡ್ಕೊಂಡು ನಿಲ್ಲೋ ಪ್ರಶ್ನೇನೇ ಇಲ್ಲ. ನಮ್ಮ ಬೋರಲ್ಲಿ ಬೆಳಗ್ಗೆ ಅರ್ಧ ಗಂಟೆ ಕೆಸರು ಬಣ್ಣದ ನೀರು ಬರ್ತಿತ್ತು, ಅದನ್ನ ಡ್ರಮ್‌ಗೆ ತುಂಬಿ ತಿಳಿ ಆಗೋಕೆ ಬಿಟ್ಟು ಆಮೇಲೆ ಎರಡು ಬಕೆಟ್ ತಗೊಂಡು ಕೆಲಸ ಶುರು.

ಅದಕ್ಕೂ ಮುಂಚೆ ಅಪ್ಪನ ಪದ್ಧತಿ ಹೇಳ್ಬೇಕು, ಯಾಕಂದ್ರೆ ಅರ್ಧ ರೋಗ ಅಲ್ಲೇ ಇದ್ದಿದ್ದು. ದಿನಾ ಬೆಳಗ್ಗೆ ಹಾಲು ತರೋಕೆ ಹೋಗೋ ಮುಂಚೆ ಉದ್ದ ಹಿಡಿಯ ಡಸ್ಟರ್ ತಗೊಂಡು ಒಣ ಧೂಳನ್ನ ಪಟಪಟ ಅಂತ ಹೊಡೆಯೋರು. ಭಾನುವಾರ ಸೋಪಿನ ಪುಡಿ ಕಲಸಿದ ಒಂದೇ ಬಕೆಟ್ ನೀರು, ಹಳೇ ಬನಿಯನ್ನು, ಚಕ್ರ ಉಜ್ಜಿದ ಬನಿಯನ್ನಲ್ಲೇ ಬಾನೆಟ್ಟು. ಬೆಂಗಳೂರಿನ ರೋಡ್ ಧೂಳು ಅಂದ್ರೆ ಏನು, ಸಣ್ಣ ಮರಳು ತಾನೇ, ಅದನ್ನ ಒಣಗಿದಂಗೇ ತಳ್ಳಾಡಿದ್ರೆ ಉಪ್ಪು ಕಾಗದ ಆಡಿಸಿದಂಗೆ. ಬಿಸಿಲಲ್ಲಿ ಬಾಗಿಲ ಹತ್ರ ಬಗ್ಗಿ ನೋಡಿದ್ರೆ ಜೇಡರ ಬಲೆ ಥರ ಸುತ್ತು ಸುತ್ತು ಗೀರು ಕಾಣೋದು, ಅದು ಇಪ್ಪತ್ತೈದು ವರ್ಷದ ಪ್ರೀತಿಯ ಗುರುತು. ಬಿಸಿಲು ಕೆಡಿಸಿದ್ದು ಮೇಲುಗಡೆ ಆದ್ರೆ, ಪಕ್ಕಗಳನ್ನ ಕೆಡಿಸಿದ್ದು ನಾವೇ, ಕ್ಲೀನ್ ಮಾಡ್ತೀವಿ ಅಂದ್ಕೊಂಡು.

ತೊಳೆಯೋದ್ರಲ್ಲಿ ನಾನು ಮಾಡಿದ್ದು ಇಷ್ಟೇ. ಬೆಳಗ್ಗೆ ಆರೂವರೆ, ಮೆಟಲ್ ತಣ್ಣಗಿರೋವಾಗ. ಹಿಕ್ಕೆ ಇರೋ ಕಡೆಯೆಲ್ಲ ನೆನೆಸಿದ ಬಟ್ಟೆ ಹೊದಿಸಿ ಹತ್ತು ನಿಮಿಷ ಬಿಟ್ಟೆ, ಕೆರೆಯಲಿಲ್ಲ, ನೆಂದ ಮೇಲೆ ಅದೇ ಬಟ್ಟೇಲಿ ಎತ್ತಿಬಿಟ್ಟೆ. ಮಗ್ಗಲ್ಲಿ ಮೇಲಿಂದ ನೀರು ಬಿಟ್ಟು ಸಡಿಲ ಇರೋ ಧೂಳನ್ನ ಇಳಿಸಿದೆ. ಆಮೇಲೆ ಒಂದು ಬಕೆಟ್ ಶಾಂಪೂ ನೀರು, ಒಂದು ಬಕೆಟ್ ಬರೀ ನೀರು. ಕೈಗವಸು ಶಾಂಪೂಲಿ ಅದ್ದಿ ಒಂದು ಭಾಗ ಒರೆಸೋದು, ಬರೀ ನೀರಲ್ಲಿ ಜಾಲಾಡಿ ಹಿಂಡೋದು, ಮತ್ತೆ ಶಾಂಪೂ. ರೂಫು, ಗ್ಲಾಸು, ಬಾನೆಟ್ಟು, ಬಾಗಿಲಿನ ಮೇಲರ್ಧ, ಕೊನೆಗೆ ಕೆಳಗರ್ಧ, ಚಕ್ರಕ್ಕೆ ಬೇರೆ ಬಟ್ಟೆ. ಮುಗಿದಾಗ ಬರೀ ನೀರಿನ ಬಕೆಟ್ ತಳದಲ್ಲಿ ಒಂದು ಹಿಡಿ ಮರಳು ಕೂತಿತ್ತು, ಅಪ್ಪನ್ನ ಕರ್ದು ತೋರಿಸಿದೆ, "ಇದೆಲ್ಲಾ ಒಂದೇ ಬಕೆಟ್ ಆಗಿದ್ರೆ ವಾಪಸ್ ಪೇಂಟ್ ಮೇಲೇ ಹೋಗ್ತಿತ್ತು ನೋಡಿ ಅಪ್ಪ" ಅಂದೆ. ಅವರು ಬಗ್ಗಿ ನೋಡಿ, "ಚೆಲ್ಲಬೇಡ, ದಾಸವಾಳದ ಪಾಟ್‌ಗೆ ಹಾಕು" ಅಂದು ಒಳಗೆ ಹೋದ್ರು.

ಒಂದು ಎಡವಟ್ಟು ಇಲ್ಲೇ ಆಯ್ತು. ಬೋರ್ ನೀರು ಗಡಸು, ಕ್ಯಾಲ್ಸಿಯಂ ಮೆಗ್ನೀಸಿಯಂ ತುಂಬಿರುತ್ತೆ, ಎಡಗಡೆ ಒರೆಸ್ತಾ ಇರೋ ಹೊತ್ತಿಗೆ ಬಲಗಡೆ ಒಣಗಿ ಬಿಳಿ ಚುಕ್ಕೆ ಕೂತುಬಿಡ್ತು. ವಿನೆಗರ್‌ಗೆ ಸಮ ನೀರು ಸೇರಿಸಿ ಬಟ್ಟೇಲಿ ಒತ್ತಿ ಇಟ್ಟು ಒರೆಸಿ ತಕ್ಷಣ ಮತ್ತೆ ನೀರಲ್ಲಿ ತೊಳ್ದೆ, ಹೋಯ್ತು, ಸುಣ್ಣದ ಕಲೆಗೆ ಹುಳಿ ತಾನೇ ಮದ್ದು. ಆವತ್ತಿಂದ ಒಂದೊಂದು ಭಾಗ ತೊಳ್ದ ತಕ್ಷಣ ಒರೆಸೋದು, ಇಡೀ ಕಾರು ಮುಗೀಲಿ ಅಂತ ಕಾಯೋದಿಲ್ಲ.

ತೊಳ್ದು ಒಣಗಿದ ಮೇಲೆ ಕೈಗೆ ತೆಳು ಪ್ಲಾಸ್ಟಿಕ್ ಕವರ್ ಹಾಕ್ಕೊಂಡು ರೂಫ್ ಮೇಲೆ ಆಡಿಸಿದೆ. ಬರೀ ಬೆರಳಿಗೆ ನುಣ್ಣಗಿದೆ ಅನ್ಸಿದ್ದು ಕವರ್ ಒಳಗಿಂದ ರವೆ ಚೆಲ್ಲಿದಂಗೆ ತರಿತರಿ. ಮರದ ಅಂಟು, ಹೊಗೆ, ಕಬ್ಬಿಣದ ಕಣ, ಇವೆಲ್ಲ ತೊಳೆದ್ರೂ ಹೋಗಲ್ಲ. ಅದಕ್ಕೆ ಕ್ಲೇ ಬಾರ್ ಅಂತ ಬರುತ್ತೆ, ಮಕ್ಕಳ ಜೇಡಿಮಣ್ಣಿನ ಥರ ಮೆತ್ತಗಿರೋ ಗಟ್ಟಿ, ಶಾಂಪೂ ನೀರು ಚಿಮುಕಿಸಿ ಅದರ ಮೇಲೆ ಜಾರಿಸ್ಬೇಕು, ಒತ್ತಬಾರ್ದು. ರೂಫ್ ಮುಗಿಯೋ ಹೊತ್ತಿಗೆ ನೀಲಿ ಕ್ಲೇ ಕಾಫಿ ಬಣ್ಣ. ಅರ್ಧ ತುಂಡು ಕೈ ಜಾರಿ ನೆಲಕ್ಕೆ ಬಿತ್ತು, ಎತ್ತಿ ತೊಳ್ದು ಉಪಯೋಗಿಸೋಣ ಅನ್ಸಿತು, ಆದ್ರೆ ಅದರೊಳಗೆ ಸಿಕ್ಕೊಂಡ ಒಂದು ಕಲ್ಲಿನ ಚೂರು ಸಾಕು ಇಡೀ ಬಾನೆಟ್ ಗೀಚೋಕೆ, ಹೊಟ್ಟೆ ಉರ್ಕೊಂಡೇ ಬಿಸಾಕ್ದೆ.

ಈಗ ಪಾಲಿಶ್. ಜನ ಪಾಲಿಶ್ ವ್ಯಾಕ್ಸ್ ಎರಡೂ ಒಂದೇ ಅಂದ್ಕೋತಾರೆ, ನಾನೂ ಹಂಗೇ ಅಂದ್ಕೊಂಡಿದ್ದೆ. ಪಾಲಿಶ್ ತೆಗೆಯುತ್ತೆ, ವ್ಯಾಕ್ಸ್ ಸೇರಿಸುತ್ತೆ. ಗ್ಯಾರೇಜಿನೋರು ರಬ್ಬಿಂಗ್ ಅಂತಾರಲ್ಲ, ಆ ಕಾಂಪೌಂಡಲ್ಲಿ ಸಣ್ಣ ಹರಳು ಇರ್ತವೆ, ಅವು ಪೇಂಟಿನ ಮೇಲ್ಪದರವನ್ನ ಸವೆಸಿ ಗೀರನ್ನ ಮಟ್ಟ ಮಾಡ್ತವೆ. ಪಾಲಿಶ್ ಅಂತ ಮಾರೋದು ಅದಕ್ಕಿಂತ ನಯ, ಕೆಲಸ ಅದೇ. ಅಂದ್ರೆ ಪ್ರತಿ ಸಲ ಉಜ್ಜಿದಾಗ್ಲೂ ಪೇಂಟು ಒಂದಿಷ್ಟು ಖರ್ಚಾಗುತ್ತೆ, ವಾಪಸ್ ಬರಲ್ಲ.

ಬಾನೆಟ್ ಮಧ್ಯ ಮಾಸ್ಕಿಂಗ್ ಟೇಪ್ ಉದ್ದಕ್ಕೆ ಅಂಟಿಸಿ, ಬಿಳೀ ಬನಿಯನ್ ಬಟ್ಟೇಲಿ ಕಾಂಪೌಂಡು ಹಚ್ಚಿ ಒಂದು ಪಕ್ಕ ಮಾತ್ರ ಉಜ್ಜಿದೆ. ಹತ್ತು ಸುತ್ತು ಹಾಕಿ ಬಟ್ಟೆ ತಿರುಗಿಸಿ ನೋಡ್ತೀನಿ, ರಕ್ತ ಒರೆಸಿದಂಗೆ ಕೆಂಪು! ಒಂದು ಕ್ಷಣ ಜೀವ ಝಲ್ ಅಂತು, ಪೇಂಟೆಲ್ಲ ಕಿತ್ತು ಬರ್ತಿದೆ ಅಂತ. ಆಮೇಲೆ ಓದಿ ನೋಡಿದ್ರೆ ಇದು ಒಳ್ಳೇ ಸುದ್ದೀನೇ. ಹಳೇ ಕಾರುಗಳಲ್ಲಿ ಬಣ್ಣಾನೂ ಹೊಳಪೂ ಒಂದೇ ಪದರದಲ್ಲಿ ಇರುತ್ತೆ, ಮೇಲೆ ಕ್ಲಿಯರ್ ಅನ್ನೋ ಬೇರೆ ಪಾರದರ್ಶಕ ಪದರ ಇರಲ್ಲ. ಅಲ್ಲಿ ಬಟ್ಟೆಗೆ ಬಣ್ಣ ಬರೋದು ಅಂದ್ರೆ ಸತ್ತ ಪದರ ಎದ್ದು ಬರ್ತಿದೆ, ಕೆಳಗೆ ಜೀವ ಇರೋ ಪೇಂಟ್ ಇದೆ ಅಂತ ಅರ್ಥ. ಟೇಪ್ ಕಿತ್ತಾಗ ಒಂದು ಪಕ್ಕ ಒಲೆ ಮೇಲಿಟ್ಟ ಹಳೇ ಮಡಕೆ, ಇನ್ನೊಂದು ಪಕ್ಕ ಮಾಗಿದ ಟೊಮೇಟೊ. ಅಪ್ಪ ಪೇಪರ್ ಮಡಿಚಿಟ್ಟು ಎದ್ದು ಬಂದ್ರು, ಬೆರಳಲ್ಲಿ ಆ ಗೆರೆ ಮೇಲೆ ಹಿಂಗೆ ಹಿಂಗೆ ಸವರಿದ್ರು, ಏನೂ ಮಾತಾಡ್ಲಿಲ್ಲ, ಹೋಗಿ ಇನ್ನೊಂದು ಬನಿಯನ್ ತಂದು ಕೊಟ್ರು.

ಬಾನೆಟ್ಟು, ರೂಫು, ಡಿಕ್ಕಿ, ಫೆಂಡರ್‌ಗಳು, ಬಲಗಡೆ ಬಾಗಿಲುಗಳು, ಎಲ್ಲಾ ಕೈಯಲ್ಲೇ. ಎರಡಡಿ ಚೌಕ ತಗೋಬೇಕು, ಕಾಂಪೌಂಡು ಬಟಾಣಿಯಷ್ಟು, ಒಣಗೋಕೆ ಮುಂಚೆ ಒರೆಸ್ಬೇಕು, ಬಟ್ಟೆ ಕೆಂಪಾದ ತಕ್ಷಣ ಮಡಿಕೆ ಬದಲಾಯಿಸ್ಬೇಕು, ಆಮೇಲೆ ಅದೇ ಜಾಗಕ್ಕೆ ನಯ ಪಾಲಿಶ್ ಇನ್ನೊಂದು ಸುತ್ತು. ಮೂರು ಭಾನುವಾರ ಹೋಯ್ತು, ಭುಜ ಬಿದ್ದೋಯ್ತು. ಅಮ್ಮ ಬಟ್ಟೆ ಒಣ ಹಾಕ್ತಾ, "ಒಂದು ಪಾತ್ರೆ ಉಜ್ಜೋ ಅಂದ್ರೆ ಕೈ ನೋವು ಅಂತೀಯಲ್ಲೋ" ಅಂದಿದ್ದಕ್ಕೆ ನನ್ನ ಹತ್ರ ಉತ್ತರ ಇರ್ಲಿಲ್ಲ. ಬಾನೆಟ್ ಮಧ್ಯ ಒಂದು ಮಾತ್ರ ಪೂರ್ತಿ ಹೋಗ್ಲಿಲ್ಲ, ಮಬ್ಬು ಮಬ್ಬಾಗಿ ಸ್ವಸ್ತಿಕ್. ಪ್ರತಿ ಆಯುಧಪೂಜೆಗೂ ಅಮ್ಮ ಅದೇ ಜಾಗದಲ್ಲಿ ಅರಿಶಿಣ ಕುಂಕುಮ ಗಂಧ ಕಲಸಿ ಬರೆಯೋದು, ಅದು ವಾರಗಟ್ಟಲೆ ಬಿಸಿಲಲ್ಲಿ ಒಣಗೋದು, ಆಮೇಲೆ ಅಪ್ಪ ಅದನ್ನ ಒಣ ಬಟ್ಟೇಲೇ ಉಜ್ಜಿ ತೆಗೆಯೋದು. ಇಪ್ಪತ್ತೈದು ಸಲ ಹಿಂಗಾದ್ರೆ ಪೇಂಟ್ ಒಳಗೇ ಇಳಿದುಬಿಡುತ್ತೆ. ಇನ್ನೂ ಉಜ್ಜಿದ್ರೆ ಹೋಗ್ತಿತ್ತೇನೋ, ಆದ್ರೆ ಪೇಂಟೂ ಹೋಗ್ತಿತ್ತು. ಬಿಟ್ಟೆ.

ಉಳಿದಿದ್ದು ಎಡಗಡೆ. ಅಷ್ಟೊತ್ತಿಗೆ ಕೈ ಸೋತಿತ್ತು, ಪಕ್ಕದ ಮನೆಯವರ ಹತ್ರ ಡ್ರಿಲ್ ಮಷಿನ್ ಇತ್ತು, ಅದಕ್ಕೆ ಸಿಕ್ಕಿಸೋ ಸ್ಪಾಂಜ್ ಪ್ಯಾಡ್ ಇನ್ನೂರು ರೂಪಾಯಿಗೆ ಸಿಕ್ತು. ಎಡಗಡೆ ಮುಂದಿನ ಬಾಗಿಲಿಗೆ ಮೊದ್ಲು ಕೈಯಲ್ಲೇ ಸ್ವಲ್ಪ ಉಜ್ಜಿ ನೋಡಿದೆ. ಬಟ್ಟೆಗೆ ಕೆಂಪು ಬರ್ಲಿಲ್ಲ. ಬೂದು ಮಿಶ್ರಿತ ಬಿಳಿ ಕೊಳೆ ಅಷ್ಟೇ. ನಾನಿಲ್ಲಿ ನಿಲ್ಲಿಸ್ಬೇಕಿತ್ತು, ಒಂದು ಪ್ರಶ್ನೆ ಕೇಳ್ಕೋಬೇಕಿತ್ತು, ಐದು ಕಡೆ ಕೆಂಪು ಬಂದಿದ್ದು ಇಲ್ಯಾಕೆ ಬರ್ತಿಲ್ಲ ಅಂತ. ನಾನು ಅಂದ್ಕೊಂಡಿದ್ದೇನು ಗೊತ್ತಾ, ಸರಿಯಾಗಿ ಒತ್ತಿಲ್ಲ, ಅದಕ್ಕೇ ಸತ್ತ ಪದರ ಏಳ್ತಿಲ್ಲ ಅಂತ. ಪ್ಯಾಡ್‌ಗೆ ಕಾಂಪೌಂಡ್ ಹಾಕಿ ಡ್ರಿಲ್ ಫುಲ್ ಸ್ಪೀಡಲ್ಲಿ ಬಿಟ್ಟೆ. ಹ್ಯಾಂಡಲ್ ಹತ್ರ ಬಾಗಿಲುದ್ದಕ್ಕೂ ಹೋಗೋ ಏಣು ಇದೆಯಲ್ಲ, ಅದರ ಮೇಲೆ ಒಂದು ಜಾಗದಲ್ಲಿ ಜಾಸ್ತಿ ಮಂಕಿತ್ತು, ಅಲ್ಲೇ ನಿಲ್ಲಿಸಿ ಒತ್ತಿದೆ. ಎಂಟತ್ತು ಸೆಕೆಂಡ್ ಆಗಿರಬಹುದು, ಪ್ಯಾಡ್ ಕೆಂಪಾಯ್ತು. "ಬಂತು ಬಂತು, ಈಗ ಬಂತು" ಅಂತ ಜೋರಾಗೇ ಅಂದೆ, ಅಪ್ಪನಿಗೆ ಕೇಳಿಸ್ಲಿ ಅಂತ.

ಒರೆಸಿ ನೋಡಿದಾಗ ಏಣಿನ ಉದ್ದಕ್ಕೆ ಒಂದು ಬೆರಳಗಲ ಜಾಗ ಹೊಳಪೇ ಇಲ್ದೆ ಸುಣ್ಣ ಬಳಿದ ಗೋಡೆ ಥರ, ಅದರ ಸುತ್ತ ಬಿಳಿ ಅಂಚು, ಮಧ್ಯ ಒಂದು ಕಡೆ ಬಣ್ಣದ ಅಡಿಗಿರೋ ಬೂದು ಪ್ರೈಮರ್ ಇಣುಕ್ತಿದೆ. ಪಾಲಿಶ್ ಹಚ್ಚಿದೆ, ಇನ್ನೊಂದ್ಸಲ ಹಚ್ಚಿದೆ, ಉಹುಂ. ಅದೇ ಕಾಂಪೌಂಡು ಅದೇ ಕಾರು, ಅಲ್ಲೆಲ್ಲ ಸರಿ ಹೋಗಿದ್ದು ಇಲ್ಲಿ ಮಾತ್ರ ಯಾಕೆ ಹಿಂಗಾಯ್ತು ಅಂತ ತಲೆ ಕೆಟ್ಟೋಯ್ತು, ಮೊದಲನೇ ವಾರ ಕಾಂಪೌಂಡ್ ಡಬ್ಬಾನೇ ಬೈಕೊಂಡು ಕಳೆದೆ. ಎರಡನೇ ವಾರ ಆ ಪೇಂಟರ್‌ಗೇ ತೋರಿಸಿದೆ. ಅವರು ಬಾಗಿಲು ತೆಗ್ದು ಒಳ ಅಂಚಲ್ಲಿ ಉಗುರು ಆಡಿಸಿದ್ರು, ರಬ್ಬರ್ ಬೀಡಿಂಗ್ ಎತ್ತಿ ನೋಡಿದ್ರು, ಅಲ್ಲಿ ಟೇಪ್ ಹಾಕಿದ ಗೆರೆ, ಒಂದಿಷ್ಟು ಸ್ಪ್ರೇ ಹಾರಿದ ಗುರುತು. "ಸಾರ್ ಇದು ಕಂಪನಿ ಪೇಂಟಲ್ಲ, ಬಾಗಿಲು ಒಂದನ್ನ ಹೊಡೆದವ್ರೆ, ಬಣ್ಣ ಹೊಡ್ದು ಮೇಲೆ ಕ್ಲಿಯರ್ ಎಳ್ದವ್ರೆ, ನೀವು ಕ್ಲಿಯರ್ ಹಾರಿಸಿಬಿಟ್ಟಿದೀರ" ಅಂದ್ರು.

ಅಂದ್ರೆ ವಿಷಯ ಇದು. ಬಾನೆಟ್ ಮೇಲೆ ಬಟ್ಟೆ ಕೆಂಪಾದ್ರೆ ಶುಭ, ಈ ಬಾಗಿಲ ಮೇಲೆ ಬಟ್ಟೆ ಕೆಂಪಾಗ್ಲಿಲ್ಲ ಅಂದ್ರೇನೇ ಶುಭ. ಕ್ಲಿಯರ್ ಇರೋ ಕಡೆ ನಾವು ಉಜ್ಜೋದು ಬಣ್ಣಾನಲ್ಲ, ಅದರ ಮೇಲಿರೋ ಪಾರದರ್ಶಕ ಪದರಾನ, ಅಲ್ಲಿ ಬಣ್ಣ ಬಂತು ಅಂದ್ರೆ ಆ ಪದರ ತೂತಾಗಿದೆ ಅಂತಲೇ. ಆ ಪದರ ಕಂಪನಿ ಕಾರಲ್ಲೇ ಸಾಮಾನ್ಯವಾಗಿ 35ರಿಂದ 50 ಮೈಕ್ರಾನ್ ಇರೋದು, ತಲೆಗೂದಲು ಸುಮಾರು 70 ಮೈಕ್ರಾನ್, ಲೆಕ್ಕ ಹಾಕ್ಕೊಳಿ. ಅದರಲ್ಲೂ ಏಣು, ಅಂಚು ಇರೋ ಕಡೆ ಪೇಂಟ್ ತೆಳು ಕೂರುತ್ತೆ, ಪ್ಯಾಡಿನ ಒತ್ತಡ ಪೂರ್ತಿ ಅಲ್ಲೇ ಬೀಳುತ್ತೆ, ಒಂದೇ ಜಾಗದಲ್ಲಿ ತಿರುಗಿದ್ರೆ ಬಿಸಿಯೂ ಏರುತ್ತೆ. ಗೊತ್ತಿರೋರು ಏಣಿಗೆಲ್ಲ ಮೊದ್ಲೇ ಟೇಪ್ ಸುತ್ತಿ ಆಮೇಲೆ ಮಷಿನ್ ಮುಟ್ತಾರೆ, ಅದೂ ಡ್ರಿಲ್ ಅಲ್ಲ, ತಿರುಗ್ತಾ ತಿರುಗ್ತಾ ಪಕ್ಕಕ್ಕೂ ಓಲಾಡೋ ಡ್ಯುಯಲ್ ಆಕ್ಷನ್ ಪಾಲಿಶರ್, ಅದು ಬಿಸಿ ಆಗೋದು ಕಮ್ಮಿ. ನನ್ನ ಹತ್ರ ಇಡೀ ರೋಲ್ ಟೇಪ್ ಇತ್ತು, ಬಾನೆಟ್ ಮಧ್ಯಕ್ಕೆ ಅಂಟಿಸಿದ್ದು ಬಿಟ್ರೆ ಮಿಕ್ಕಿದ್ದು ಹಂಗೇ ಇತ್ತು.

ರಾತ್ರಿ ಊಟಕ್ಕೆ ಕೂತಾಗ, "ಅಪ್ಪ, ಎಡಗಡೆ ಬಾಗಿಲು ಯಾವಾಗ ಪೇಂಟ್ ಮಾಡಿಸಿದ್ರಿ" ಅಂದೆ. ತಟ್ಟೇಲಿ ಮುದ್ದೆ ಮುರೀತಿದ್ದ ಕೈ ನಿಂತ್ಹೋಯ್ತು. ಅಮ್ಮ ಅವರ ಮುಖ ನೋಡಿದ್ರು. "ಚನ್ನರಾಯಪಟ್ಟಣದ ಹತ್ರ" ಅಂದ್ರು ಅಪ್ಪ, ನಿಧಾನಕ್ಕೆ, "ಸಂತೆ ದಿನ, ಎತ್ತಿನಗಾಡಿಯೋನು ಪಕ್ಕಕ್ಕೆ ಎಳೆದ, ನೊಗ ತಾಗ್ತು, 2006ರಲ್ಲಿ. ಕಾರು ನಿಮ್ಮ ತಾತ ದುಡ್ಡು ಕೊಟ್ಟು ತೆಗ್ಸಿದ್ದು ನೋಡು, ಅವರಿಗೆ ಗೊತ್ತಾಗೋದು ಬೇಡ ಅಂತ ಹಾಸನದಲ್ಲೇ ಎರಡು ದಿನ ಬಿಟ್ಟು ಹೊಡೆಸ್ಕೊಂಡು ಬಂದೆ. ಸರ್ವೀಸಿಗೆ ಬಿಟ್ಟಿದೀನಿ ಅಂದಿದ್ದೆ." ಅಮ್ಮಂಗೂ ಅವತ್ತೇ ಗೊತ್ತಾಗಿದ್ದು. ಹದಿನೆಂಟು ವರ್ಷ ಹಿಡಿದಿಟ್ಟ ಗುಟ್ಟು ಇನ್ನೂರು ರೂಪಾಯಿ ಸ್ಪಾಂಜಿಗೆ ಬಿದ್ದೋಯ್ತು. ನಾನು ಬೈಸ್ಕೊಳ್ಳೋಕೆ ರೆಡಿಯಾಗಿ ಕೂತಿದ್ದೆ, ಆವತ್ತು ಬೈಸ್ಕೊಂಡೋರು ಅವರು.

ರಿಪೇರಿ ಏನ್ಮಾಡೋದು ಅಂದ್ರೆ, ಹೋದ ಜಾಗಕ್ಕಷ್ಟೇ ಕ್ಲಿಯರ್ ಹೊಡೆದ್ರೆ ಅಂಚು ಕಾಣುತ್ತೆ, ಆಮೇಲೆ ಸಿಪ್ಪೆ ಏಳುತ್ತೆ, ಮಾಡಿದ್ರೆ ಇಡೀ ಬಾಗಿಲು ಮಾಡ್ಬೇಕು, 3500 ಆಗುತ್ತೆ ಅಂದ್ರು ಪೇಂಟರ್. ಅಪ್ಪ ಬೇಡ ಅಂದ್ರು. ಪ್ರೈಮರ್ ಕಂಡ ಜಾಗಕ್ಕೆ ಮಾತ್ರ ತುಕ್ಕು ಹಿಡೀದಂಗೆ ಸಣ್ಣ ಬ್ರಷ್ಷಲ್ಲಿ ಟಚಪ್ ಪೇಂಟ್ ಇಟ್ಟೆ, ಹತ್ತಡಿ ದೂರದಿಂದ ಕಾಣಲ್ಲ, ಹತ್ರ ಬಂದ್ರೆ ಕಾಣುತ್ತೆ. ಹಿಂದಿನ ಬಾಗಿಲನ್ನ ಮೊದ್ಲು ಮೂಲೇಲಿ ಬಿಳಿ ಬಟ್ಟೆ ಆಡಿಸಿ ನೋಡಿ, ಕೆಂಪು ಬಂದ ಮೇಲೇ, ಕೈಯಲ್ಲೇ ಮಾಡಿದೆ.

ಕೊನೇದು ವ್ಯಾಕ್ಸ್, ಇದು ಸುಲಭ, ಜಾಸ್ತಿ ಹೇಳೋಕಿಲ್ಲ. ಕಾರ್ನೌಬಾ ವ್ಯಾಕ್ಸ್ ತಗೊಂಡಿದ್ದೆ, ಬ್ರೆಜಿಲ್ ದೇಶದ ಈಶಾನ್ಯ ಭಾಗದಲ್ಲಿ ಬೆಳೆಯೋ ಒಂದು ತಾಳೆ ಜಾತಿ ಮರದ ಎಲೆಯಿಂದ ಬರೋ ಮೇಣ ಅದು, ಮರ ತನ್ನ ಎಲೆ ಒಣಗದಂಗೆ ಕಾಪಾಡ್ಕೊಳ್ಳೋಕೆ ಮಾಡ್ಕೊಂಡಿದ್ದನ್ನ ನಾವು ಕಾರಿಗೆ ಬಳಿತೀವಿ. ಇಡ್ಲಿ ತಟ್ಟೆಗೆ ಎಣ್ಣೆ ಸವರ್ತೀವಲ್ಲ ಅಷ್ಟು ತೆಳ್ಳಗೆ ಹಚ್ಬೇಕು, ನೆರಳಲ್ಲಿ, ಮೆಟಲ್ ತಣ್ಣಗಿದ್ದಾಗ. ಮಬ್ಬಾದ ಮೇಲೆ ಬೆರಳಲ್ಲಿ ಎಳ್ದು ನೋಡಿ, ಗೆರೆ ಸ್ವಚ್ಛವಾಗಿ ಬಂದ್ರೆ ಒರೆಸೋ ಟೈಮ್ ಆಯ್ತು, ಮಸಿಮಸಿ ಆದ್ರೆ ಇನ್ನೂ ಕಾಯ್ಬೇಕು. ದಪ್ಪ ಹಚ್ಚಿದ್ರೆ ಜಾಸ್ತಿ ದಿನ ಬರಲ್ಲ, ಒರೆಸೋಕೆ ಪ್ರಾಣ ಹೋಗುತ್ತೆ ಅಷ್ಟೇ. ನಮ್ಮ ಬಿಸಿಲಿಗೆ ನನ್ನ ಕಾರಲ್ಲಿ ಆರು ವಾರ ಚೆನ್ನಾಗಿತ್ತು. ಕರೀ ಪ್ಲಾಸ್ಟಿಕ್ ಬಂಪರ್‌ಗೆ ತಾಗಿದ ಕಡೆಯೆಲ್ಲ ಬೆಳ್ಳಗಾಗಿ ಕೂತಿತ್ತು, ಹಳೇ ಟೂತ್‌ಬ್ರಷ್ಷಲ್ಲಿ ಶಾಂಪೂ ಹಾಕಿ ತಿಕ್ಕಿ ತೆಗೆಯೋಕೆ ಒಂದು ಗಂಟೆ, ಅಲ್ಲೂ ಟೇಪ್ ನೆನಪಾಗ್ಲಿಲ್ಲ ನಂಗೆ. ಮುಂಗಾರು ಶುರುವಾದ ಸಂಜೆ ಬಾನೆಟ್ ಮೇಲೆ ನೀರು ಕೆಸುವಿನ ಎಲೆ ಮೇಲೆ ನಿಂತಂಗೆ ಉಂಡೆ ಉಂಡೆ ನಿಂತಿತ್ತು, ನಾನೂ ಅಪ್ಪನೂ ಛತ್ರಿ ಹಿಡ್ಕೊಂಡು ಹೋಗಿ ನೋಡ್ಕೊಂಡು ಬಂದ್ವಿ. ಎಡಗಡೆ ಬಾಗಿಲ ಮೇಲೂ ನಿಂತಿತ್ತು, ಆ ಬೆರಳಗಲ ಜಾಗದಲ್ಲೂ.

ಈಗಿನ ವಾರದ ತೊಳೆಯೋದು ನಾಕು ಲೀಟರ್ ನೀರಲ್ಲಿ ಮುಗಿಯುತ್ತೆ, ರಿನ್ಸ್‌ಲೆಸ್ ವಾಷ್ ಅಂತ, ಆಮೇಲೆ ನೀರು ಹಾಕಿ ತೊಳೆಯೋದು ಬೇಡದ ದ್ರಾವಣ ಬರುತ್ತೆ, ಅದು 15 ಎಂ.ಎಲ್. ಹಾಕಿ, ಮೈಕ್ರೋಫೈಬರ್ ಬಟ್ಟೆನ ಎಂಟು ಮುಖ ಬರೋ ಹಂಗೆ ಮಡಚಿ, ಒಂದು ಮುಖದಲ್ಲಿ ಒಂದೇ ಸಲ ಎಳೆಯೋದು, ಕಾರನ್ನ ಮತ್ತೆ ಜಾಲಾಡೋದು ಬೇಡ. ಕೆಸರು ಮೆತ್ತಿದ್ರೆ ಮಾತ್ರ ಮೊದ್ಲು ಮಗ್ಗಲ್ಲಿ ನೀರು ಹೊಯ್ದು ಇಳಿಸ್ಲೇಬೇಕು. ಡಸ್ಟರನ್ನ ನಾನು ಕಸಕ್ಕೆ ಹಾಕಿದ್ದೆ, ಅಪ್ಪ ಹೊರಗೆ ತೆಗ್ದು ತೊಳ್ದು ಟಿವಿ ಸ್ಟ್ಯಾಂಡ್ ಹೊಡೆಯೋಕೆ ಇಟ್ಕೊಂಡಿದಾರೆ, ಇರ್ಲಿ.

ಆ ವರ್ಷದ ಆಯುಧಪೂಜೆ ಹಿಂದಿನ ದಿನ ಇನ್ನೊಂದು ಕೋಟ್ ವ್ಯಾಕ್ಸ್ ಹಾಕಿ ಅಮ್ಮಂಗೆ ಹೇಳಿದ್ದೆ, ಈ ಸಲ ಕುಂಕುಮ ಗ್ಲಾಸಿಗೆ ಇಡಿ, ಹಾರದ ತಂತಿ ಪೇಂಟಿಗೆ ತಾಗೋದು ಬೇಡ, ದಾರದಲ್ಲಿ ಕಟ್ಟಿ ಅಂತ. ಹೂಂ ಅಂದಿದ್ರು. ಬೆಳಗ್ಗೆ ನಾನು ಬೂದುಗುಂಬಳ ಹಿಡ್ಕೊಂಡು ಬರೋ ಹೊತ್ತಿಗೆ ಹಾರ ದಾರದಲ್ಲೇ ಕಟ್ಟಿತ್ತು, ಬಾನೆಟ್ ಮೇಲೆ ಮಾತ್ರ ಸ್ವಸ್ತಿಕ್, ಹಳೇ ಮಬ್ಬು ಗೆರೆ ಮೇಲೇ, ಒಂದಿಷ್ಟೂ ಆಚೀಚೆ ಇಲ್ದೆ ತಿದ್ದಿದಂಗೆ. "ಅಲ್ಲೇ ಬರ್ದಿತ್ತಲ್ಲೋ" ಅಂದ್ರು. ಸಂಜೆವರ್ಗೂ ಬಿಟ್ಟು, ಆಮೇಲೆ ಒದ್ದೆ ಬಟ್ಟೆ ಹೊದಿಸಿ ಹತ್ತು ನಿಮಿಷ ಕಾದು ಎತ್ತಿದೆ. ಕುಂಕುಮ ಪೂರ್ತಿ ಬಟ್ಟೆಗೆ ಬಂತು. ಬಟ್ಟೆ ಕೆಂಪಾಗಿದ್ದು ನೋಡಿ ಅಪ್ಪ ಗಾಬರಿಯಲ್ಲಿ "ಯಾವುದೋ ಅದು, ಪೇಂಟಾ?" ಅಂದ್ರು.